ಬಿಸಿಲೂ ಜೀವಕೋಶದ ಲಿಪಿಯೂ

ಸೂರ್ಯನು ಲೋಕಕ್ಕೆ ಕಣ್ಣು, ಜೀವಕೋಟಿಗೆ ಅನ್ನದಾತ ಎಂಬುದನ್ನು ನಮ್ಮಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಹಸುರೆಲೆ ಅಡುಗೆ ಮಾಡುವುದು ಅವನ ಬೆಳಕಿನಿಂದ; ಕಡಲ ನೀರು ಮುಗಿಲಾಗುವುದು ಅವನ ಬಿಸಿಯಿಂದ; ನಮ್ಮ ಮೂಳೆಗಳಿಗೆ ಬೇಕಾದ ‘ಡಿ’ ಜೀವಸತ್ವವು ಚರ್ಮದಲ್ಲಿ ಸಿದ್ಧವಾಗುವುದೂ ಅವನ ಕಿರಣಗಳಿಂದಲೇ. ಹೀಗಿರುವಾಗ, ಅದೇ ಬೆಳಕಿನ ಒಂದು ಅಂಶವು ನಮ್ಮ ಜೀವಕೋಶಗಳ ಅಂತರಂಗವನ್ನು ಹೊಕ್ಕು, ತಲೆತಲಾಂತರದಿಂದ ಬಂದಿರುವ ಬರಹವನ್ನು ಕೆಡಿಸಬಲ್ಲದು ಎಂದರೆ ಕೇಳಿದವರಿಗೆ ಸೋಜಿಗವಾಗದಿರದು. ಆದರೂ ಇದು ನಿಜ. ಆ ಬರಹ ಹೇಗೆ ಕೆಡುತ್ತದೆ, ಕೆಟ್ಟುದನ್ನು ಜೀವಕೋಶವು ಹೇಗೆ ಸರಿಪಡಿಸಿಕೊಳ್ಳುತ್ತದೆ, ಸರಿಪಡಿಸಿಕೊಳ್ಳಲಾರದೆ ಹೋದರೆ ಒದಗುವ ವಿಪತ್ತೇನು—ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ವಿಜ್ಞಾನದ ವಿದ್ಯಾರ್ಥಿಗಳಲ್ಲದವರಿಗೂ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ.

೧. ಕಣ್ಣಿಗೆ ಕಾಣದ ಬೆಳಕು

ಮಳೆಬಿಲ್ಲಿನಲ್ಲಿ ಕೆಂಪು ಒಂದು ಅಂಚು, ನೇರಳೆ ಇನ್ನೊಂದು ಅಂಚು. ಬೆಳಕು ಈ ಎರಡು ಅಂಚುಗಳಲ್ಲಿ ಮುಗಿಯುವುದಿಲ್ಲ. ಮುಗಿಯುವುದು ನಮ್ಮ ಕಣ್ಣಿನ ಶಕ್ತಿ ಮಾತ್ರ. ೧೮೦೦ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಕೆಂಪಿನ ಆಚೆ ಕಾಣದ ಶಾಖಕಿರಣಗಳಿರುವುದನ್ನು ತೋರಿಸಿದನು. ಮರುವರ್ಷವೇ ಜರ್ಮನಿಯ ಯೇನಾ ನಗರದಲ್ಲಿ ಯೋಹಾನ್ ರಿಟರ್ ಎಂಬಾತನು, ಹಾಗಾದರೆ ಇನ್ನೊಂದು ಅಂಚಿನ ಆಚೆಯೂ ಏನಾದರೂ ಇರಲೇಬೇಕೆಂದು ತರ್ಕಿಸಿ, ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡನ್ನು ಬಣ್ಣದ ಪಟ್ಟಿಯ ಉದ್ದಕ್ಕೂ ಇಟ್ಟು ನೋಡಿದನು. ನೇರಳೆ ಬಣ್ಣ ಮುಗಿದು, ಕಣ್ಣಿಗೆ ಏನೂ ಕಾಣದಿದ್ದ ಜಾಗದಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು! ಅಲ್ಲಿ ಬೀಳುತ್ತಿದ್ದುವೇ ನೇರಳಾತೀತ ಕಿರಣಗಳು.

ಬೆಳಕಿನ ಅಲೆಯ ಉದ್ದವನ್ನು ನ್ಯಾನೋಮೀಟರುಗಳಲ್ಲಿ ಅಳೆಯುವರು. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ಒಂದು ನ್ಯಾನೋಮೀಟರು. ನಮ್ಮ ಕಣ್ಣಿಗೆ ಕಾಣುವುದು ಸುಮಾರು ೪೦೦ರಿಂದ ೭೦೦ರವರೆಗಿನ ಅಲೆಗಳು. ೪೦೦ಕ್ಕಿಂತ ಕಿರಿದಾದುವನ್ನು ಮೂರು ವರ್ಗಗಳಾಗಿ ವಿಂಗಡಿಸುವುದು ರೂಢಿ: ೪೦೦ರಿಂದ ೩೧೫ರವರೆಗೆ ‘ಎ’, ೩೧೫ರಿಂದ ೨೮೦ರವರೆಗೆ ‘ಬಿ’, ೨೮೦ರಿಂದ ೧೦೦ರವರೆಗೆ ‘ಸಿ’. ಅಲೆ ಕಿರಿದಾದಷ್ಟೂ ಅದು ಹೊತ್ತು ತರುವ ಶಕ್ತಿ ಹಿರಿದು. ಆದುದರಿಂದ ಇವುಗಳಲ್ಲಿ ‘ಸಿ’ ವರ್ಗವೇ ಅತ್ಯಂತ ಘಾತಕವಾದುದು. ನಮ್ಮ ಪುಣ್ಯಕ್ಕೆ ವಾಯುಮಂಡಲದ ಮೇಲಣ ಓಝೋನ್ ಪದರವು ‘ಸಿ’ ಕಿರಣಗಳನ್ನು ಪೂರ್ತಿಯಾಗಿಯೂ ‘ಬಿ’ ಕಿರಣಗಳ ಬಹುಪಾಲನ್ನೂ ಹೀರಿಬಿಡುತ್ತದೆ. ನೆಲಕ್ಕೆ ಮುಟ್ಟುವ ನೇರಳಾತೀತ ಬೆಳಕಿನಲ್ಲಿ ನೂರಕ್ಕೆ ಸುಮಾರು ೯೫ರಷ್ಟು ‘ಎ’, ಉಳಿದ ಅಲ್ಪಭಾಗ ‘ಬಿ’. ಆದರೆ ಪ್ರಮಾಣ ಅಲ್ಪವಾದರೂ ಪ್ರಭಾವ ಅಲ್ಪವಲ್ಲ. ಬಿಸಿಲಿಗೆ ಚರ್ಮ ಕೆಂಪೇರಿ ಉರಿಯುವುದು ಮುಖ್ಯವಾಗಿ ಈ ‘ಬಿ’ಯಿಂದ. ಇದು ಚರ್ಮದ ಹೊರಪದರದಲ್ಲೇ ಬಹುಮಟ್ಟಿಗೆ ನಿಂತುಬಿಡುತ್ತದೆ. ‘ಎ’ ಇನ್ನೂ ಒಳಕ್ಕೆ ಇಳಿಯುತ್ತದೆ. ಕಿಟಕಿಯ ಗಾಜು ‘ಬಿ’ಯನ್ನು ತಡೆದರೂ ‘ಎ’ಯನ್ನು ಬಹಳಮಟ್ಟಿಗೆ ಒಳಬಿಡುವುದು.

೨. ಜೀವಕೋಶದ ಓಲೆಗ್ರಂಥ

ಈ ಕಿರಣವು ಹೊಡೆಯುವ ಗುರಿ ಯಾವುದು? ಜೀವಕೋಶದ ನಡುವಣ ನ್ಯೂಕ್ಲಿಯಸ್ಸಿನಲ್ಲಿ ೪೬ ವರ್ಣತಂತುಗಳಿವೆ. ಅವುಗಳ ಸಾರವಸ್ತುವೇ ಡಿ.ಎನ್.ಎ. ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ವಿವರಿಸಿದಂತೆ, ಇದರ ರಚನೆ ತಿರುಚಿದ ಹಗ್ಗದ ಏಣಿಯಂತಿದೆ. ಏಣಿಯ ಎರಡು ಕಡೆಯ ಹಗ್ಗಗಳು ಸಕ್ಕರೆ ಮತ್ತು ಫಾಸ್ಫೇಟುಗಳಿಂದಾದುವು. ಮೆಟ್ಟಿಲುಗಳು ಪ್ರತ್ಯಾಮ್ಲಗಳೆಂಬ ಚಿಕ್ಕ ಅಣುಗಳ ಜೋಡಿಗಳು. ಪ್ರತ್ಯಾಮ್ಲಗಳು ನಾಲ್ಕೇ: ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್. ಇವನ್ನು ಮುಂದೆ ಅ, ಗ್ವಾ, ಸೈ, ಥೈ ಎಂದು ಕರೆಯೋಣ. ಇವುಗಳ ಜೋಡಣೆಯಲ್ಲಿ ಒಂದು ಕಟ್ಟುನಿಟ್ಟಿದೆ: ಅ-ಗೆ ಎದುರು ಯಾವಾಗಲೂ ಥೈ, ಗ್ವಾ-ಗೆ ಎದುರು ಯಾವಾಗಲೂ ಸೈ. ಆದುದರಿಂದ ಒಂದು ಎಳೆಯನ್ನು ಓದಿದರೆ ಎದುರಿನ ಎಳೆಯಲ್ಲಿ ಏನಿದೆಯೆಂದು ಹೇಳಬಹುದು.

ಇದನ್ನು ನಾಲ್ಕು ಅಕ್ಷರಗಳ ವರ್ಣಮಾಲೆಯಲ್ಲಿ ಬರೆದ ಓಲೆಗ್ರಂಥವೆಂದು ಭಾವಿಸಬಹುದು. ತಂದೆಯಿಂದ ಬಂದ ಒಂದು ಪ್ರತಿ, ತಾಯಿಯಿಂದ ಬಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲೂ ಸುಮಾರು ೩೦೦ ಕೋಟಿ ಅಕ್ಷರಜೋಡಿಗಳು. ಒಂದೇ ಜೀವಕೋಶದ ಡಿ.ಎನ್.ಎ.ಯನ್ನು ಬಿಡಿಸಿ ಎಳೆದರೆ ಸುಮಾರು ಎರಡು ಮೀಟರಾಗುವುದು. ಈ ಗ್ರಂಥದಲ್ಲಿ ಮೂರು ಮೂರು ಅಕ್ಷರಗಳು ಸೇರಿ ಒಂದು ಪದ. ಪದವೊಂದು ಪ್ರೋಟೀನಿನ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಕನ್ನಡದಲ್ಲಿ ‘ಹಾಲು’ ಎಂಬುದರ ಒಂದು ಅಕ್ಷರ ತಿರುಗಿ ‘ಹಾಳು’ ಆದರೆ ಅರ್ಥವೇ ಬೇರೆಯಾಗುವಂತೆ, ಇಲ್ಲಿಯೂ ಒಂದು ಅಕ್ಷರದ ವ್ಯತ್ಯಾಸದಿಂದ ಪ್ರೋಟೀನಿನ ಗುಣವೇ ಬದಲಾಗಬಹುದು. ಬರಹದಲ್ಲಿ ಹೀಗೆ ಶಾಶ್ವತವಾಗಿ ನೆಲೆನಿಂತ ವ್ಯತ್ಯಾಸಕ್ಕೆ ಉತ್ಪರಿವರ್ತನೆ ಎಂದು ಹೆಸರು.

೩. ಬೆಳಕು ನುಡಿದ ಸಾಕ್ಷ್ಯ

ಡಿ.ಎನ್.ಎ.ಯೇ ಆನುವಂಶಿಕ ದ್ರವ್ಯವೆಂಬುದು ಇಂದು ಶಾಲೆಯ ಪಾಠ. ಆದರೆ ೧೯೪೦ರವರೆಗೂ ಬಹುಮಂದಿ ವಿಜ್ಞಾನಿಗಳು ಆ ಗೌರವವನ್ನು ಪ್ರೋಟೀನುಗಳಿಗೆ ಕೊಟ್ಟಿದ್ದರು. ಈ ನಂಬಿಕೆಗೆ ವಿರುದ್ಧವಾಗಿ ಮೊದಲು ಸಾಕ್ಷ್ಯ ನುಡಿದವುಗಳಲ್ಲಿ ನೇರಳಾತೀತ ಬೆಳಕೂ ಒಂದು ಎಂಬುದು ಸ್ವಾರಸ್ಯದ ಸಂಗತಿ.

೧೯೨೮ರ ಸುಮಾರಿಗೆ ಅಮೆರಿಕದ ಫ್ರೆಡರಿಕ್ ಗೇಟ್ಸ್ ಎಂಬಾತನು ಬೇರೆ ಬೇರೆ ಉದ್ದದ ನೇರಳಾತೀತ ಅಲೆಗಳನ್ನು ಬ್ಯಾಕ್ಟೀರಿಯಾಗಳ ಮೇಲೆ ಹಾಯಿಸಿ, ಯಾವ ಅಲೆ ಹೆಚ್ಚು ಕೊಲ್ಲುತ್ತದೆಂದು ಅಳೆದನು. ಸಾವಿನ ಶಿಖರ ೨೬೦ ನ್ಯಾನೋಮೀಟರಿನ ಆಸುಪಾಸಿನಲ್ಲಿತ್ತು. ಪ್ರೋಟೀನುಗಳು ಬೆಳಕನ್ನು ಹೆಚ್ಚಾಗಿ ಹೀರುವುದು ೨೮೦ರ ಹತ್ತಿರ. ೨೬೦ರ ಹತ್ತಿರ ಹೀರುವುದು ನ್ಯೂಕ್ಲಿಯಿಕ್ ಆಮ್ಲ! ಅನಂತರ ಹಾಲೆಂಡರ್ ಮತ್ತು ಎಮನ್ಸ್ ಬೂಷ್ಟಿನ ಬೀಜಕಣಗಳಲ್ಲಿಯೂ, ೧೯೪೨ರಲ್ಲಿ ಸ್ಟ್ಯಾಡ್ಲರ್ ಮತ್ತು ಊಬರ್ ಮುಸುಕಿನ ಜೋಳದ ಪರಾಗದಲ್ಲಿಯೂ ಇದೇ ರೀತಿಯ ಪ್ರಯೋಗ ಮಾಡಿ, ಸಾವನ್ನು ಮಾತ್ರವಲ್ಲದೆ ಉತ್ಪರಿವರ್ತನೆಗಳನ್ನೂ ಎಣಿಸಿದರು. ಅಲ್ಲಿಯೂ ಅದೇ ಫಲ. ಉತ್ಪರಿವರ್ತನೆಯ ಗೆರೆ ನ್ಯೂಕ್ಲಿಯಿಕ್ ಆಮ್ಲವು ಬೆಳಕನ್ನು ಹೀರುವ ಗೆರೆಯನ್ನೇ ಅನುಸರಿಸಿ ಏರಿ ಇಳಿಯಿತು. ಹೀರದ ಬೆಳಕು ಏನನ್ನೂ ಮಾಡಲಾರದು. ಹೀರಿದವನೇ ಪೆಟ್ಟು ತಿಂದವನು. ಈ ಸಾಕ್ಷ್ಯಕ್ಕೆ ಆಗ ತಕ್ಕಷ್ಟು ಮನ್ನಣೆ ದೊರೆಯಲಿಲ್ಲ. ೧೯೪೪ರಲ್ಲಿ ಆವರಿ, ಮಕ್ಲೌಡ್ ಮತ್ತು ಮಕಾರ್ಟಿ ಇನ್ನೊಂದು ದಾರಿಯಿಂದ ಅದೇ ನಿರ್ಣಯಕ್ಕೆ ಬಂದ ಮೇಲೆ ಇದರ ಬೆಲೆ ತಿಳಿಯಿತು.

೪. ಪಕ್ಕದ ಅಕ್ಷರಗಳು ಅಂಟಿಕೊಳ್ಳುವುದು

ಬೆಳಕನ್ನು ಹೀರಿದ ಪ್ರತ್ಯಾಮ್ಲದಲ್ಲಿ ನಡೆಯುವುದೇನು? ಕ್ಷಕಿರಣಗಳಂತೆ ನೇರಳಾತೀತ ಕಿರಣಗಳು ಎಲೆಕ್ಟ್ರಾನನ್ನು ಕಿತ್ತೆಸೆಯುವುದಿಲ್ಲ. ಅದನ್ನು ಮೇಲಿನ ಮಟ್ಟಕ್ಕೆ ಎತ್ತಿ ಕೆರಳಿಸುತ್ತವೆ, ಅಷ್ಟೆ. ಬಹಳ ಸಲ ಹೀಗೆ ಕೆರಳಿದ ಪ್ರತ್ಯಾಮ್ಲವು ಆ ಶಕ್ತಿಯನ್ನು ಶಾಖವಾಗಿ ಬಿಟ್ಟುಕೊಟ್ಟು ಕ್ಷಣಾರ್ಧಕ್ಕೂ ಮೊದಲೇ ಶಾಂತವಾಗುತ್ತದೆ. ಈ ಗುಣವಿಲ್ಲದಿದ್ದರೆ ಬಿಸಿಲಿನಡಿ ಜೀವವು ಉಳಿಯುತ್ತಿರಲಿಲ್ಲ. ಆದರೆ ಪ್ರತಿಯೊಂದು ಸಲವೂ ಹೀಗಾಗುವುದಿಲ್ಲ.

ಥೈ ಮತ್ತು ಸೈ ಒಂದೇ ಕುಲದ ಪ್ರತ್ಯಾಮ್ಲಗಳು. ಇವಕ್ಕೆ ಪಿರಿಮಿಡೀನುಗಳೆಂದು ಹೆಸರು. ಇವುಗಳ ಉಂಗುರದಲ್ಲಿ ಐದನೆಯ ಮತ್ತು ಆರನೆಯ ಇಂಗಾಲ ಪರಮಾಣುಗಳ ನಡುವೆ ಇಮ್ಮಡಿ ಬಂಧವಿದೆ. ಒಂದೇ ಎಳೆಯಲ್ಲಿ ಎರಡು ಪಿರಿಮಿಡೀನುಗಳು ಅಕ್ಕಪಕ್ಕದಲ್ಲಿದ್ದು ಅವುಗಳಲ್ಲೊಂದು ಕೆರಳಿದಾಗ, ಎರಡರ ಇಮ್ಮಡಿ ಬಂಧಗಳೂ ತೆರೆದುಕೊಂಡು, ಒಂದರ ಕೈಯನ್ನು ಇನ್ನೊಂದು ಹಿಡಿದುಬಿಡುತ್ತದೆ. ಐದನೆಯದು ಐದನೆಯದರೊಡನೆ, ಆರನೆಯದು ಆರನೆಯದರೊಡನೆ ಬೆಸೆದು, ನಡುವೆ ನಾಲ್ಕು ಇಂಗಾಲಗಳ ಒಂದು ಪುಟ್ಟ ಚೌಕ ಏರ್ಪಡುತ್ತದೆ. ಎದುರಿನ ಎಳೆಯ ಸಂಗಾತಿಯೊಡನೆ ಸಡಿಲವಾಗಿ ಕೈಜೋಡಿಸಬೇಕಾಗಿದ್ದ ಅಕ್ಷರಗಳು ಹೀಗೆ ತಮ್ಮ ಪಕ್ಕದವರೊಡನೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಡೈಮರ್, ಎಂದರೆ ಜೋಡಿಕಟ್ಟು, ಎಂದು ಹೆಸರು. ಹಾಲೆಂಡಿನ ಬ್ಯೂಕರ್ಸ್ ಮತ್ತು ಬೆರೆಂಡ್ಸ್ ಎಂಬುವರು ೧೯೬೦ರಲ್ಲಿ, ಹೆಪ್ಪುಗಟ್ಟಿಸಿದ ಥೈಮಿನ್ ದ್ರಾವಣದ ಮೇಲೆ ನೇರಳಾತೀತ ಬೆಳಕನ್ನು ಹಾಯಿಸಿ ಈ ಡೈಮರನ್ನು ಬೇರ್ಪಡಿಸಿ ತೋರಿಸಿದರು. ಈ ಬೆಸುಗೆಗೆ ಬೇಕಾಗುವ ಕಾಲ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಮಾತ್ರ ಎಂದು ೨೦೦೭ರಲ್ಲಿ ಅಳೆದಿದ್ದಾರೆ. ಎರಡು ಥೈಗಳು ಸರಿಯಾದ ಭಂಗಿಯಲ್ಲಿ ನಿಂತಿದ್ದರೆ ಬೆಳಕು ತಾಕಿದೊಡನೆಯೇ ಕೆಲಸ ಮುಗಿಯಿತು.

ಇನ್ನೊಂದು ಬಗೆಯ ಗಾಯವೂ ಉಂಟು. ಅದರಲ್ಲಿ ಒಂದು ಪಿರಿಮಿಡೀನಿನ ಆರನೆಯ ಇಂಗಾಲ ಮತ್ತೊಂದರ ನಾಲ್ಕನೆಯ ಇಂಗಾಲದೊಡನೆ ಸೇರುತ್ತದೆ. ಇದಕ್ಕೆ ‘ಆರು-ನಾಲ್ಕು’ ಗಾಯವೆಂದು ಹೆಸರು. ಸಂಖ್ಯೆಯಲ್ಲಿ ಇದು ಕಡಿಮೆಯಾದರೂ ಏಣಿಯನ್ನು ಹೆಚ್ಚು ಸೊಟ್ಟಗೆ ಮಾಡುತ್ತದೆ. ‘ಎ’ ವರ್ಗದ ಕಿರಣಗಳ ರೀತಿ ಸ್ವಲ್ಪ ಬೇರೆ. ಇವು ಕೆಲಮಟ್ಟಿಗೆ ಡೈಮರುಗಳನ್ನು ಮಾಡುವುದಲ್ಲದೆ, ಕೋಶದ ಬೇರೆ ಅಣುಗಳನ್ನು ಕೆರಳಿಸಿ, ಅವುಗಳ ಮೂಲಕ ತೀಕ್ಷ್ಣವಾದ ಆಮ್ಲಜನಕ ರೂಪಗಳನ್ನು ಹುಟ್ಟಿಸಿ, ಗ್ವಾನಿನ್ ಪ್ರತ್ಯಾಮ್ಲವನ್ನು ತುಕ್ಕು ಹಿಡಿಸಿದಂತೆ ಕೆಡಿಸುತ್ತವೆ. ಒಟ್ಟಿನಲ್ಲಿ, ಬಲವಾದ ಬಿಸಿಲಿಗೆ ಒಡ್ಡಿದ ಚರ್ಮದ ಒಂದೊಂದು ಕೋಶದಲ್ಲೂ ಒಂದು ದಿನಕ್ಕೆ ಒಂದು ಲಕ್ಷದವರೆಗೆ ಇಂಥ ಗಾಯಗಳಾಗಬಹುದೆಂದು ಅಂದಾಜು.

೫. ಗಾಯವು ತಪ್ಪುಬರಹವಾಗುವ ಬಗೆ

ಇಲ್ಲಿ ವಾಚಕರು ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಡೈಮರು ಒಂದು ಗಾಯ, ಅದಿನ್ನೂ ಉತ್ಪರಿವರ್ತನೆಯಲ್ಲ. ಓಲೆಗರಿಗೆ ಹುಳು ಬಿದ್ದರೆ ಆ ಗರಿ ತ್ರುಟಿತವಾಯಿತೆಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಅದು ಮೋಸಮಾಡುವುದಿಲ್ಲ. ಮೋಸ ಹುಟ್ಟುವುದು, ಲಿಪಿಕಾರನು ಆ ತೂತಿನ ಜಾಗಕ್ಕೆ ಊಹೆಯಿಂದ ಒಂದು ಅಕ್ಷರವನ್ನು ತುಂಬಿ ಹೊಸ ಪ್ರತಿಯನ್ನು ಮಾಡಿದಾಗ. ಹೊಸ ಪ್ರತಿಯಲ್ಲಿ ತೂತಿಲ್ಲ, ಕಲೆಯಿಲ್ಲ. ತಪ್ಪು ಪಾಠವೇ ಸರಿಪಾಠದಂತೆ ಕುಳಿತಿರುತ್ತದೆ.

ಜೀವಕೋಶವು ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಯನ್ನು ಪ್ರತಿ ಮಾಡಿಕೊಳ್ಳುತ್ತದೆ. ಈ ಕೆಲಸದ ಮುಖ್ಯ ಲಿಪಿಕಾರರು ಪಾಲಿಮರೇಸ್ ಎಂಬ ಕಿಣ್ವಗಳು. ಇವು ಬಹಳ ನಿಷ್ಠುರ ಸ್ವಭಾವದವು. ಡೈಮರಿನ ಎದುರು ಬಂದೊಡನೆ ಓದಲಾರದೆ ನಿಂತುಬಿಡುತ್ತವೆ. ಆದರೆ ಪ್ರತಿ ನಿಂತರೆ ಕೋಶಕ್ಕೆ ಸಾವೇ ಗತಿ. ಆಗ ಮುಂದೆ ಬರುವುದು ‘ಈಟಾ’ ಎಂಬ ಇನ್ನೊಂದು ಪಾಲಿಮರೇಸು. ಇದರ ಹಿಡಿ ಅಗಲವಾದುದರಿಂದ ಅಂಟಿಕೊಂಡ ಎರಡು ಅಕ್ಷರಗಳನ್ನೂ ಒಟ್ಟಿಗೆ ಒಳಗೆ ತೆಗೆದುಕೊಂಡು ದಾಟಬಲ್ಲದು. ಥೈ-ಥೈ ಡೈಮರು ಎದುರಾದರೆ ಇದು ಎರಡು ಅ-ಗಳನ್ನು ಇಡುತ್ತದೆ. ಅದೇ ಸರಿಯಾದ ಉತ್ತರ, ಕೇಡೇನೂ ಆಗಲಿಲ್ಲ.

ತೊಂದರೆ ಬರುವುದು ಡೈಮರಿನಲ್ಲಿ ಸೈ ಇದ್ದಾಗ. ಸೈಟೊಸಿನ್ ತನ್ನ ಸಹಜಸ್ಥಿತಿಯಲ್ಲಿ ಸ್ಥಿರವಾದುದು. ಡೈಮರಿಗೆ ಸಿಕ್ಕಿಕೊಂಡಾಗ ಮಾತ್ರ ಕೆಲವು ಗಂಟೆ ಅಥವಾ ದಿನಗಳೊಳಗೆ ತನ್ನ ಅಮೈನೋ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗಿಬಿಡುತ್ತದೆ. ಯುರಾಸಿಲ್ ಜೋಡಿಯ ವಿಷಯದಲ್ಲಿ ಥೈಮಿನ್ನಿನಂತೆಯೇ ವರ್ತಿಸುವುದು. ಆದುದರಿಂದ ಗ್ವಾ ಇರಬೇಕಾದ ಎಡೆಯಲ್ಲಿ ಲಿಪಿಕಾರನು ಅ ಇಡುತ್ತಾನೆ. ಅವನ ತಪ್ಪಿಲ್ಲ, ಅವನು ಕಂಡುದನ್ನೇ ಬರೆದನು. ಮುಂದಿನ ಪ್ರತಿಯಲ್ಲಿ ಆ ಅ-ಗೆ ಎದುರು ಥೈ ಬರುತ್ತದೆ. ಹೀಗೆ ಎರಡು ಪ್ರತಿಗಳೊಳಗೆ ಸೈ ಇದ್ದಲ್ಲಿ ಥೈ ನೆಲೆಗೊಂಡಿತು. ಇಷ್ಟಾದ ಮೇಲೆ ಕೋಶದ ಯಾವ ಕಾವಲುಗಾರನಿಗೂ ಈ ತಪ್ಪು ತಿಳಿಯುವಂತಿಲ್ಲ. ಏಕೆಂದರೆ ಎರಡು ಎಳೆಗಳೂ ಈಗ ಒಂದನ್ನೊಂದು ಸಮರ್ಥಿಸುತ್ತವೆ.

ಅಕ್ಕಪಕ್ಕದ ಪಿರಿಮಿಡೀನುಗಳಿರುವ ಕಡೆ ಸೈ ಹೋಗಿ ಥೈ ಆಗುವುದು, ಅದರಲ್ಲೂ ಸೈ-ಸೈ ಎಂಬ ಜೋಡಿ ಒಟ್ಟಿಗೆ ಥೈ-ಥೈ ಆಗುವುದು—ಇದು ನೇರಳಾತೀತ ಬೆಳಕಿನ ಹಸ್ತಾಕ್ಷರ. ಹಳೆಯ ಬರಹಗಳನ್ನು ಬಲ್ಲವರು ಅಕ್ಷರದ ಮೋಡಿಯನ್ನು ನೋಡಿ ಇಂಥವನ ಕೈಬರಹವೆಂದು ಹೇಳುವಂತೆ, ಡಿ.ಎನ್.ಎ.ಯನ್ನು ಓದಿದವರು ಈ ಗುರುತಿನಿಂದ ಬಿಸಿಲಿನ ಕೈವಾಡವನ್ನು ಪತ್ತೆಹಚ್ಚಬಲ್ಲರು.

೬. ದುರಸ್ತಿಯ ಕಾರ್ಖಾನೆ

ದಿನಕ್ಕೆ ಸಾವಿರಗಟ್ಟಲೆ ಗಾಯಗಳಾದರೂ ನಮ್ಮಲ್ಲಿ ಬಹುಮಂದಿ ಕ್ಷೇಮವಾಗಿರುವುದು ಹೇಗೆ? ಜೀವಕೋಶವು ಗಾಯಗಳನ್ನು ಸರಿಪಡಿಸಿಕೊಳ್ಳುವುದರಿಂದ.

ಇದರ ಮೊದಲ ಸುಳಿವು ೧೯೪೯ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಆಲ್ಬರ್ಟ್ ಕೆಲ್ನರ್ ಎಂಬಾತನಿಗೆ ದೊರೆಯಿತು. ನೇರಳಾತೀತ ಕಿರಣ ತಾಕಿಸಿದ ಸೂಕ್ಷ್ಮಜೀವಿಗಳಲ್ಲಿ ಒಂದೊಂದು ಸಲ ಒಂದೊಂದು ಪ್ರಮಾಣದಲ್ಲಿ ಬದುಕಿ ಉಳಿಯುತ್ತಿದ್ದುವು. ಶಾಖದ ಏರಿಳಿತವೇ ಕಾರಣವಿರಬೇಕೆಂದು ಆತನು ಬಗೆದನು. ಪರೀಕ್ಷಿಸಿದಾಗ ಕಾರಣ ಸಾಮಾನ್ಯ ಬೆಳಕು ಎಂದು ತಿಳಿಯಿತು. ಬೆಳಕು ಮಾಡಿದ ಗಾಯವನ್ನು ಬೆಳಕೇ ಮಾಯಿಸುತ್ತಿತ್ತು! ಫೋಟೋಲಯೇಸ್ ಎಂಬ ಕಿಣ್ವವು ನೀಲಿ ಬೆಳಕಿನ ಶಕ್ತಿಯನ್ನು ಉಪಯೋಗಿಸಿ ಡೈಮರಿನ ಬೆಸುಗೆಯನ್ನು ಬಿಡಿಸುತ್ತದೆಂದು ಮುಂದೆ ಗೊತ್ತಾಯಿತು. ಬ್ಯಾಕ್ಟೀರಿಯಾ, ಗಿಡಮರ, ಕಪ್ಪೆ, ಮೀನು, ಕಾಂಗರೂ ಜಾತಿಯ ಪ್ರಾಣಿಗಳು—ಇವುಗಳಲ್ಲಿ ಈ ಕಿಣ್ವವಿದೆ. ಮನುಷ್ಯನಲ್ಲಿ ಇಲ್ಲ.

ನಮಗಿರುವುದು ಇನ್ನೊಂದು ಉಪಾಯ: ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ಹೊಸದನ್ನು ಕೂಡಿಸುವುದು. ೧೯೬೪ರಲ್ಲಿ ಸೆಟ್ಲೊ ಮತ್ತು ಕ್ಯಾರಿಯರ್, ಬಾಯ್ಸ್ ಮತ್ತು ಹೋವರ್ಡ್-ಫ್ಲಾಂಡರ್ಸ್, ಪೆಟಿಜಾನ್ ಮತ್ತು ಹನವಾಲ್ಟ್ ಎಂಬವರು ಇದನ್ನು ಬ್ಯಾಕ್ಟೀರಿಯಾಗಳಲ್ಲಿ ಕಂಡರು. ಅದೇ ವರ್ಷ ರಾಸ್ಮುಸೆನ್ ಮತ್ತು ಪೇಂಟರ್ ಮನುಷ್ಯನ ಕೋಶಗಳಲ್ಲಿಯೂ ಇಂಥ ದುರಸ್ತಿ ನಡೆಯುವ ಸೂಚನೆಯನ್ನು ಪಡೆದರು. ಕೆಲಸದ ಕ್ರಮ ಹೀಗಿದೆ. ಮೊದಲು ಕಾವಲು ಪ್ರೋಟೀನುಗಳು ಏಣಿ ಸೊಟ್ಟಗಾಗಿರುವ ಜಾಗವನ್ನು ಗುರುತಿಸುತ್ತವೆ. ಆಮೇಲೆ ಬೇರೆ ಪ್ರೋಟೀನುಗಳು ಬಂದು ಅಲ್ಲಿ ಎರಡು ಎಳೆಗಳನ್ನೂ ಬಿಡಿಸಿ ಗುಳ್ಳೆಯಂತೆ ತೆರೆಯುತ್ತವೆ. ಕತ್ತರಿಯಂಥ ಎರಡು ಕಿಣ್ವಗಳು ಗಾಯದ ಎರಡು ಪಕ್ಕಗಳಲ್ಲೂ ಕೊಯ್ದು, ಸುಮಾರು ೩೦ ಅಕ್ಷರಗಳ ತುಂಡನ್ನು ತೆಗೆದುಹಾಕುತ್ತವೆ. ಎದುರಿನ ಎಳೆ ಕೆಡದೆ ಇದೆಯಷ್ಟೆ. ಅದನ್ನು ನೋಡಿಕೊಂಡು ಪಾಲಿಮರೇಸು ಖಾಲಿ ಜಾಗವನ್ನು ತುಂಬುತ್ತದೆ. ಲೈಗೇಸ್ ಎಂಬುದು ತುದಿಯನ್ನು ಬೆಸೆಯುತ್ತದೆ. ಗ್ರಂಥಸಂಪಾದಕನು ಒಂದು ಪ್ರತಿಯಲ್ಲಿ ತ್ರುಟಿತವಾದುದನ್ನು ಇನ್ನೊಂದು ಪ್ರತಿಯ ಆಧಾರದಿಂದ ತುಂಬುವ ಕ್ರಮವೇ ಇದು. ಡಿ.ಎನ್.ಎ.ಗೆ ಎರಡು ಎಳೆಗಳಿರುವುದರ ಒಂದು ದೊಡ್ಡ ಪ್ರಯೋಜನ ಇಲ್ಲಿ ಕಾಣುತ್ತದೆ. ಮನುಷ್ಯನ ಕೋಶದಲ್ಲಿ ಈ ಕ್ರಮದ ವಿವರಗಳನ್ನು ಬಿಡಿಸಿದ ಅಜೀಜ್ ಸಂಜಾರ್ ಅವರಿಗೆ ೨೦೧೫ರಲ್ಲಿ, ಲಿಂಡಾಲ್ ಮತ್ತು ಮಾಡ್ರಿಚ್ ಅವರೊಡನೆ, ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ದುರಸ್ತಿ ಎಲ್ಲ ಗಾಯಗಳಿಗೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ‘ಆರು-ನಾಲ್ಕು’ ಗಾಯಗಳು ಎದ್ದು ಕಾಣುವುದರಿಂದ ಕೆಲವು ಗಂಟೆಗಳಲ್ಲೇ ಮಾಯುತ್ತವೆ. ಡೈಮರುಗಳಲ್ಲಿ ಅನೇಕವು ಒಂದು ದಿನ ಕಳೆದರೂ ಉಳಿದಿರುತ್ತವೆ. ಕೋಶವು ಆಗ ಓದಿ ಬಳಸುತ್ತಿರುವ ಜೀನುಗಳಿಗೆ ಮೊದಲ ಸರದಿ, ಬಳಕೆಯಲ್ಲಿಲ್ಲದುವಕ್ಕೆ ಆಮೇಲೆ. ಇಂದಿನ ಗಾಯ ಮಾಯುವ ಮುನ್ನವೇ ನಾಳಿನ ಬಿಸಿಲು ಬಿದ್ದರೆ ಬಾಕಿ ಬೆಳೆಯುತ್ತಾ ಹೋಗುವುದು.

೭. ಬಿಸಿಲನ್ನು ತಾಳಲಾರದ ಮಕ್ಕಳು

ದುರಸ್ತಿಯ ಬೆಲೆ ಏನೆಂಬುದನ್ನು ಅದಿಲ್ಲದವರ ಬಾಳಿನಿಂದ ತಿಳಿಯಬಹುದು. ೧೮೭೦ರ ದಶಕದಲ್ಲಿ ವಿಯೆನ್ನಾ ನಗರದ ಹೆಬ್ರಾ ಮತ್ತು ಕಾಪೋಸಿ ಎಂಬ ವೈದ್ಯರು ಒಂದು ವಿಚಿತ್ರ ಚರ್ಮರೋಗವನ್ನು ವರ್ಣಿಸಿದರು. ಚರ್ಮ ಒಣಗಿ, ಚುಕ್ಕೆಚುಕ್ಕೆಯಾಗಿ ಬಣ್ಣಗೆಡುವುದರಿಂದ ಅದಕ್ಕೆ ಕ್ಸೀರೋಡರ್ಮ ಪಿಗ್ಮೆಂಟೋಸಂ ಎಂಬ ಹೆಸರಾಯಿತು. ಈ ರೋಗವಿರುವ ಎಷ್ಟೋ ಮಕ್ಕಳಿಗೆ ಸ್ವಲ್ಪ ಹೊತ್ತಿನ ಬಿಸಿಲಿಗೇ ಮೈ ಬೊಬ್ಬೆಯೇಳುತ್ತದೆ. ಎರಡು ವರ್ಷ ತುಂಬುವುದರೊಳಗಾಗಿ ಮುಖದ ತುಂಬ ಕಂದು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ; ಕಣ್ಣುಗಳು ಬೆಳಕನ್ನು ಸಹಿಸುವುದಿಲ್ಲ; ಆಡಿ ನಲಿಯಬೇಕಾದ ವಯಸ್ಸಿನಲ್ಲಿ ಚರ್ಮದ ಕ್ಯಾನ್ಸರು ಬರುತ್ತದೆ. ಇಪ್ಪತ್ತು ವರ್ಷದೊಳಗಿನ ಇಂಥವರಲ್ಲಿ ಚರ್ಮದ ಕ್ಯಾನ್ಸರಿನ ಸಂಭವ ಇತರರಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚು ಎಂದು ಲೆಕ್ಕ ಹಾಕಿದ್ದಾರೆ.

ಇದಕ್ಕೆ ಕಾರಣವನ್ನು ೧೯೬೮ರಲ್ಲಿ ಜೇಮ್ಸ್ ಕ್ಲೀವರ್ ಎಂಬವರು ಕಂಡುಹಿಡಿದರು. ಈ ರೋಗಿಗಳ ಚರ್ಮದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ನೇರಳಾತೀತ ಕಿರಣ ತಾಕಿಸಿದಾಗ, ಇತರರ ಕೋಶಗಳಲ್ಲಿ ನಡೆಯುವ ದುರಸ್ತಿ ಇವುಗಳಲ್ಲಿ ನಡೆಯಲಿಲ್ಲ. ಮೇಲೆ ಹೇಳಿದ ಕಾವಲಿನ, ಬಿಡಿಸುವ, ಕತ್ತರಿಸುವ ಪ್ರೋಟೀನುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುವುದೇ ಕಾರಣ. ಇಂಥ ಏಳು ಪ್ರಭೇದಗಳಿವೆ. ಎಂಟನೆಯದೊಂದು ಪ್ರಭೇದದಲ್ಲಿ ದುರಸ್ತಿ ಸರಿಯಾಗಿಯೇ ನಡೆಯುತ್ತಿದ್ದು, ರೋಗ ಹೇಗೆ ಬಂತೆಂಬುದು ಬಹುಕಾಲ ಒಗಟಾಗಿತ್ತು. ಇವರಲ್ಲಿ ಕೆಟ್ಟಿರುವುದು ‘ಈಟಾ’ ಪಾಲಿಮರೇಸು ಎಂದು ೧೯೯೯ರಲ್ಲಿ ತಿಳಿಯಿತು. ಡೈಮರನ್ನು ಸರಿಯಾಗಿ ದಾಟಬಲ್ಲ ಲಿಪಿಕಾರನಿಲ್ಲದೆ, ಹೆಚ್ಚು ತಪ್ಪುಮಾಡುವ ಬೇರೆಯವರು ಆ ಕೆಲಸಕ್ಕೆ ಬರುವುದರಿಂದ ಕೇಡಾಗುತ್ತದೆ.

ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಜೀನು ಬಂದರೆ ಮಾತ್ರ ಈ ರೋಗ ತೋರುವುದು. ಒಂದೇ ಕೆಟ್ಟ ಜೀನನ್ನು ಹೊತ್ತವರು ತಮ್ಮಷ್ಟಕ್ಕೆ ಆರೋಗ್ಯವಾಗಿರುತ್ತಾರೆ. ಆದರೆ ಅಂಥ ಇಬ್ಬರು ಮದುವೆಯಾದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಸಂಬಂಧಿಕರಲ್ಲಿ ಒಂದೇ ಕೆಟ್ಟ ಜೀನು ಇರುವ ಸಂಭವ ಹೆಚ್ಚು. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತಂದುಕೊಳ್ಳುವ ರೂಢಿ ನಮ್ಮ ನಾಡಿನ ಅನೇಕ ಮನೆತನಗಳಲ್ಲಿದೆ. ಆದುದರಿಂದ ಈ ರೋಗ ವಿರಳವೆಂದು ನಾವು ಉದಾಸೀನರಾಗಿರುವಂತಿಲ್ಲ. ಬಿಸಿಲಿಗೆ ಬಂದರೆ ಅಳುವ, ಮುಖ ಚುಕ್ಕೆಗಟ್ಟಿದ ಮಗುವನ್ನು ಕಂಡು ಶಾಪವೆಂದೋ ಪೂರ್ವಕರ್ಮವೆಂದೋ ಹೇಳಿ ಮೂಲೆಗೆ ತಳ್ಳುವವರಿದ್ದಾರೆ. ಅದು ಶಾಪವಲ್ಲ, ಕೆಟ್ಟ ಕತ್ತರಿ, ಅಷ್ಟೆ. ಆ ಕತ್ತರಿಯನ್ನು ಹೊಸದಾಗಿ ಕೊಡುವ ಔಷಧ ಇನ್ನೂ ಇಲ್ಲದಿದ್ದರೂ, ಬೇಗನೆ ಗುರುತಿಸಿ ಬೆಳಕಿನಿಂದ ಕಟ್ಟುನಿಟ್ಟಾಗಿ ಕಾಪಾಡಿದರೆ ಆ ಮಗುವಿನ ಆಯುಸ್ಸು ಹೆಚ್ಚುತ್ತದೆ.

೮. ಕ್ಯಾನ್ಸರಿನ ದಾರಿ

ಆರೋಗ್ಯವಂತರಲ್ಲಿಯೂ ಎಲ್ಲ ಗಾಯಗಳೂ ಮಾಯುವುದಿಲ್ಲ. ಹೆಚ್ಚು ಪೆಟ್ಟು ತಿಂದ ಕೋಶವನ್ನು ‘ಪಿ೫೩’ ಎಂಬ ಪ್ರೋಟೀನು ತಡೆದು ನಿಲ್ಲಿಸುತ್ತದೆ. ಸರಿಪಡಿಸಲಾಗದಿದ್ದರೆ ಆತ್ಮಹತ್ಯೆಗೆ ಹಚ್ಚುತ್ತದೆ. ಬಿಸಿಲಿನಲ್ಲಿ ಬೆಂದ ಚರ್ಮದಲ್ಲಿ ಸಾಯುವ ಕೋಶಗಳು ಹೀಗೆ ಸಮುದಾಯದ ಹಿತಕ್ಕಾಗಿ ಜೀವ ಬಿಟ್ಟವು. ಆದರೆ ಬಿಸಿಲು ಪಿ೫೩ರ ಜೀನನ್ನೇ ಕೆಡಿಸಿದರೆ? ಆಗ ಆ ಕೋಶ ಸಾಯುವುದಿಲ್ಲ. ನೆರೆಯವು ಸತ್ತು ತೆರವಾದ ಜಾಗದಲ್ಲಿ ಅದರ ಸಂತಾನ ಹರಡುತ್ತದೆ. ೧೯೯೧ರಲ್ಲಿ ಡಗ್ಲಾಸ್ ಬ್ರ್ಯಾಶ್ ಮತ್ತು ಸಂಗಡಿಗರು ಒಂದು ಜಾತಿಯ ಚರ್ಮದ ಕ್ಯಾನ್ಸರಿನ ೨೪ ಗೆಡ್ಡೆಗಳನ್ನು ಪರೀಕ್ಷಿಸಿದಾಗ ೧೪ರಲ್ಲಿ ಪಿ೫೩ರ ಜೀನು ಕೆಟ್ಟಿತ್ತು. ಮೂರರಲ್ಲಿ ಸೈ-ಸೈ ಥೈ-ಥೈ ಆಗಿತ್ತು. ಅಪರಾಧಿ ತನ್ನ ರುಜುವನ್ನು ಬಿಟ್ಟುಹೋಗಿದ್ದನು. ಮೆಲನೋಮ ಎಂಬ ಉಗ್ರ ಕ್ಯಾನ್ಸರಿನ ಒಂದು ಕೋಶತಳಿಯ ಪೂರ್ತಿ ಡಿ.ಎನ್.ಎ.ಯನ್ನು ಓದಿ ೨೦೧೦ರಲ್ಲಿ ಪ್ರಕಟಿಸಿದಾಗ, ೩೩,೩೪೫ ಅಕ್ಷರ ಬದಲಾವಣೆಗಳು ಸಿಕ್ಕವು. ಅವುಗಳಲ್ಲಿ ಬಹುಪಾಲು ಇದೇ ರುಜುವಿನವು. ೨೦೧೫ರಲ್ಲಿ ಇಂಗ್ಲೆಂಡಿನ ಸಂಶೋಧಕರು ನಾಲ್ವರ ಆರೋಗ್ಯವಾದ ಕಣ್ಣೆವೆಯ ಚರ್ಮವನ್ನು ಪರೀಕ್ಷಿಸಿ, ಸುಮಾರು ಕಾಲುಭಾಗ ಕೋಶಗಳಲ್ಲಿ ಕ್ಯಾನ್ಸರಿನ ಕಡೆಗೆ ಒಂದು ಹೆಜ್ಜೆಯಿಟ್ಟಂಥ ಉತ್ಪರಿವರ್ತನೆಗಳನ್ನು ಕಂಡರು. ಆದರೆ ಒಂದು ಹೆಜ್ಜೆಯಿಂದ ಊರು ಸೇರುವುದಿಲ್ಲ. ಕ್ಯಾನ್ಸರಾಗಲು ಹಲವು ಹೆಜ್ಜೆಗಳು ಬೇಕು. ಅದಕ್ಕೆ ವರ್ಷಗಳು, ದಶಕಗಳು ಹಿಡಿಯುತ್ತವೆ. ಬಾಲ್ಯದ ಬಿಸಿಲಿನ ಸಾಲ ಮುಪ್ಪಿನಲ್ಲಿ ವಸೂಲಾಗುವುದು ಹೀಗೆ. ಈ ಕಿರಣಗಳು ಚರ್ಮವನ್ನೂ ಕಣ್ಣನ್ನೂ ಬಿಟ್ಟು ಒಳಕ್ಕೆ ಹೋಗಲಾರವಾದುದರಿಂದ, ಇವು ಮಾಡಿದ ಉತ್ಪರಿವರ್ತನೆಗಳು ಮಕ್ಕಳಿಗೆ ಇಳಿಯುವುದಿಲ್ಲ.

೯. ಕಪ್ಪು ಬಣ್ಣದ ಕೊಡೆ

ನಮ್ಮ ನಾಡಿನ ಬೇಸಗೆಯ ನಡುಹಗಲಿನಲ್ಲಿ ನೇರಳಾತೀತ ಸೂಚ್ಯಂಕವು ಹನ್ನೊಂದನ್ನೂ ಮೀರುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಲ್ಲಿ ಇದು ಅತಿತೀವ್ರ. ಹೀಗಿದ್ದೂ ನಮ್ಮಲ್ಲಿ ಚರ್ಮದ ಕ್ಯಾನ್ಸರು ಆಸ್ಟ್ರೇಲಿಯದ ಬಿಳಿಯರಲ್ಲಿರುವುದಕ್ಕಿಂತ ಬಹಳ ಕಡಿಮೆ. ಕಾರಣ, ಮೆಲನಿನ್ ಎಂಬ ಕಪ್ಪುವರ್ಣ. ಚರ್ಮದ ಕೆಲವು ವಿಶೇಷ ಕೋಶಗಳು ಇದನ್ನು ತಯಾರಿಸಿ ನೆರೆಯ ಕೋಶಗಳಿಗೆ ಹಂಚುತ್ತವೆ. ಅವು ಅದನ್ನು ನ್ಯೂಕ್ಲಿಯಸ್ಸಿನ ಮೇಲೆ ಕೊಡೆಯಂತೆ ಹಿಡಿಯುತ್ತವೆ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಬಣ್ಣ ಕಪ್ಪೆಂದು ಮೂಗು ಮುರಿಯುವವರೂ, ಬೆಳ್ಳಗಾಗಲೆಂದು ಮುಲಾಮು ಹಚ್ಚುವವರೂ ಈ ಕೊಡೆಯನ್ನು ನೆನೆಯಬೇಕು. ಸಾವಿರಾರು ತಲೆಮಾರುಗಳ ಬಿಸಿಲು ನಮಗೆ ಕೊಟ್ಟ ಕವಚವನ್ನು ಹಣಕೊಟ್ಟು ಕಳಚಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ಹುಟ್ಟಿನಿಂದಲೇ ಮೆಲನಿನ್ ಇಲ್ಲದೆ ಬೆಳ್ಳಗಿರುವ ನಮ್ಮ ಕೆಲವು ಬಂಧುಗಳಿಗೆ ಇದೇ ಬಿಸಿಲು ಎಷ್ಟು ಕ್ರೂರಿಯೆಂಬುದನ್ನು ಅವರನ್ನೇ ಕೇಳಿ ತಿಳಿಯಬಹುದು.

ಹಾಗೆಂದು ಈ ಕೊಡೆಯೂ ಸಂಪೂರ್ಣವಲ್ಲ. ‘ಎ’ ಕಿರಣಗಳಿಂದ ಕೆರಳಿದ ಮೆಲನಿನ್, ಬಿಸಿಲಿನಿಂದ ನೆರಳಿಗೆ ಬಂದ ಮೇಲೆಯೂ ಮೂರು ಗಂಟೆಗೂ ಹೆಚ್ಚು ಕಾಲ ಕತ್ತಲಲ್ಲೇ ಡೈಮರುಗಳನ್ನು ಉಂಟುಮಾಡುತ್ತದೆಂದು ೨೦೧೫ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು. ಕಣ್ಣಿಗಂತೂ ಕಪ್ಪುಚರ್ಮದ ರಕ್ಷಣೆ ಇಲ್ಲ. ಇನ್ನೊಂದು ಮಾತು: ನಮ್ಮಂಥವರಲ್ಲಿ ಮೆಲನೋಮ ಕಾಣಿಸಿಕೊಳ್ಳುವುದು ಎಷ್ಟೋ ಸಲ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ. ಅವುಗಳಲ್ಲಿ ಬಿಸಿಲಿನ ರುಜು ಅಷ್ಟಾಗಿ ಸಿಗುವುದಿಲ್ಲ. ಎಲ್ಲ ಅಪರಾಧವನ್ನೂ ಸೂರ್ಯನ ಮೇಲೆ ಹೊರಿಸಬಾರದು. ಅಂಗಾಲಿನಲ್ಲಿ ಬೆಳೆಯುವ ಕಪ್ಪು ಮಚ್ಚೆಯನ್ನು ಆಣಿಯೆಂದು ಬಿಟ್ಟುಬಿಡಲೂ ಬಾರದು.

ಮನುಷ್ಯನೇ ಮಾಡಿಕೊಂಡ ಸೂರ್ಯಗಳ ವಿಷಯದಲ್ಲಿಯೂ ಎಚ್ಚರ ಬೇಕು. ರೋಗಾಣುಗಳನ್ನು ಕೊಲ್ಲುವ ನೇರಳಾತೀತ ದೀಪ ಸೂಸುವುದು ಬಹುತೇಕ ೨೫೪ ನ್ಯಾನೋಮೀಟರಿನ ‘ಸಿ’ ಕಿರಣವನ್ನು. ಓಝೋನ್ ಪದರವು ನಮ್ಮವರೆಗೆ ಬಿಡದ ಕಿರಣವಿದು. ಇದನ್ನು ಕೈಯ ಮೇಲೆ ಹಾಯಿಸಿಕೊಳ್ಳುವುದು ಸಲ್ಲದು. ವೆಲ್ಡಿಂಗ್ ಕಿಡಿಯಿಂದಲೂ ನೇರಳಾತೀತ ಕಿರಣಗಳು ಹೊಮ್ಮುತ್ತವೆ. ಅವು ಕ್ಯಾನ್ಸರುಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರು ಸಂಶೋಧನ ಮಂಡಲಿಯು ನಿರ್ಣಯಿಸಿದೆ. ನಮ್ಮ ಪೇಟೆಯ ಬೀದಿಬದಿಯಲ್ಲಿ ಮುಖಕ್ಕೆ ಏನೂ ಹಿಡಿಯದೆ ಬೆಸುಗೆ ಹಾಕುತ್ತಾ ಕುಳಿತ ಹುಡುಗರಿಗೆ ಈ ಮಾತನ್ನು ಹೇಳುವವರು ಯಾರು?

ಓಝೋನ್ ಪದರದ ಕಥೆಯಲ್ಲಿ ಒಂದು ಸಮಾಧಾನವಿದೆ. ಅಂಟಾರ್ಕ್ಟಿಕದ ಮೇಲೆ ಅದು ತೆಳುವಾಗಿರುವುದು ೧೯೮೫ರಲ್ಲಿ ಪ್ರಕಟವಾಯಿತು. ೧೯೮೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಸೇರಿ ಅದನ್ನು ಕೆಡಿಸುವ ರಾಸಾಯನಿಕಗಳನ್ನು ಕೈಬಿಡಲು ಒಪ್ಪಂದ ಮಾಡಿಕೊಂಡವು. ಕಾರಣ ತಿಳಿದರೆ ಲೋಕವೆಲ್ಲ ಕೂಡಿ ಪರಿಹಾರವನ್ನು ಮಾಡಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಮಟ್ಟಿಗೆ ಬೇಕಾದುದು ಭಯವಲ್ಲ, ತಿಳಿವಳಿಕೆ. ಎಳೆಬಿಸಿಲಿನಲ್ಲಿ ಓಡಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಕಿರಣಗಳು ತೀಕ್ಷ್ಣವೆಂದು ತಿಳಿದು, ಆಗ ಕೊಡೆಯನ್ನೋ ಟೊಪ್ಪಿಗೆಯನ್ನೋ ತುಂಬುತೋಳಿನ ಅಂಗಿಯನ್ನೋ ಆಶ್ರಯಿಸಿದರೆ ಸಾಕು. ಹೊಲದಲ್ಲಿ ದುಡಿಯುವ ನಮ್ಮ ರೈತನು ತಲೆಗೆ ರುಮಾಲು ಸುತ್ತುವುದರಲ್ಲಿ ಇರುವ ವಿವೇಕವನ್ನು ವಿಜ್ಞಾನವೂ ಒಪ್ಪುತ್ತದೆ. ಮೂರು ಗಂಟೆಯ ಉರಿಬಿಸಿಲಿನಲ್ಲಿ ಆಟದ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳಿಗೆ ನೆರಳನ್ನು ಒದಗಿಸುವುದು ಹಿರಿಯರ ಕೆಲಸ. ಜೀವಕೋಶವು ಹಗಲೂ ಇರುಳೂ ಕುಳಿತು ತನ್ನ ಗ್ರಂಥವನ್ನು ತಿದ್ದಿಕೊಳ್ಳುತ್ತಲೇ ಇದೆ. ಅದಕ್ಕೆ ತಿದ್ದುವಷ್ಟು ಬಿಡುವನ್ನು ಕೊಡುವುದು ನಮ್ಮ ಕೈಯಲ್ಲಿದೆ.